ಸೋರ್ಸ್ ಒಂದು, ಓಡುವ ಪ್ರೋಗ್ರಾಂ ಇನ್ನೊಂದು: ಅಂಗಡಿ ಸಾಫ್ಟ್‌ವೇರ್‌ನ ದೋಷ ಪತ್ತೆ

ಹಾಸನದ ಸುತ್ತಮುತ್ತ ಕಾಫಿ ಖರೀದಿಸುವವರು, ಕೊಬ್ಬರಿ ಮಂಡಿಯವರು, ಹಾರ್ಡ್‌ವೇರ್ ಅಂಗಡಿಯವರು ಅನೇಕರು ಇಂದಿಗೂ ತಮಗೆಂದೇ ಬರೆಸಿಕೊಂಡ ಪ್ರೋಗ್ರಾಂಗಳಲ್ಲಿ ಲೆಕ್ಕ ಇಡುತ್ತಾರೆ. ನನ್ನ ಕೈಗೆ ಬರುವವುಗಳಲ್ಲಿ ಬಹುಪಾಲು ವಿಷುವಲ್ ಬೇಸಿಕ್ 6 ಇಲ್ಲವೇ ಫಾಕ್ಸ್‌ಪ್ರೊ ಎಂಬ ಪ್ರೋಗ್ರಾಂ ಭಾಷೆಗಳಲ್ಲಿ ಬರೆದವು. ಮೊದಲನೆಯದು 1998ರ ಸರಕು. ವಿಷುವಲ್ ಫಾಕ್ಸ್‌ಪ್ರೊಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2015ರ ಜನವರಿಗೇ ಮುಗಿದಿದೆ. ಬರೆದುಕೊಟ್ಟ ಹುಡುಗ ಬೆಂಗಳೂರು ಸೇರಿರುತ್ತಾನೆ. ಪ್ರೋಗ್ರಾಂ ಮಾತ್ರ ದಿನವೂ ಬೆಳಗ್ಗೆ ಊದುಬತ್ತಿ ಹಚ್ಚಿದ ಮೇಲೆ ತೆರೆದುಕೊಳ್ಳುತ್ತದೆ.

ಮನುಷ್ಯ ಬರೆಯುವುದು ಸೋರ್ಸ್. ಅದನ್ನು ಕಂಪೈಲ್ ಮಾಡಿದಾಗ, ಅಂದರೆ ಕಂಪ್ಯೂಟರ್ ಓಡಿಸಬಲ್ಲ ರೂಪಕ್ಕೆ ತಿರುಗಿಸಿದಾಗ, ಸಿಗುವುದು ಇಎಕ್ಸ್‌ಇ ಫೈಲ್. ಬೀಸಿದ ಮೇಲೆ ಹಿಟ್ಟು ಯಾವ ಹೊಲದ ರಾಗಿಯದೆಂದು ಹೇಳುವುದು ಎಷ್ಟು ಕಷ್ಟವೋ, ಇಎಕ್ಸ್‌ಇಯನ್ನು ನೋಡಿ ಅದರ ಸೋರ್ಸ್ ಯಾವುದೆಂದು ಹೇಳುವುದೂ ಅಷ್ಟೇ ಕಷ್ಟ. ಹಾಗಾಗಿ ನನ್ನದು ಒಂದೇ ಹಟ: ಅಂಗಡಿಯಲ್ಲಿ ಓಡುತ್ತಿರುವ ಇಎಕ್ಸ್‌ಇಯನ್ನು ನಂಬುತ್ತೇನೆ. "ಇದೇ ಅದರ ಸೋರ್ಸ್" ಎಂದು ಯಾರಾದರೂ ಫೋಲ್ಡರ್ ತೋರಿಸಿದರೆ, ಹೊಂದಿಸಿ ನೋಡುವವರೆಗೂ ನಂಬುವುದಿಲ್ಲ.

ಕೈ ಹಾಕುವ ಮುಂಚೆ

ಈಗ ಓಡುತ್ತಿರುವ ಇಎಕ್ಸ್‌ಇಯನ್ನು, ತಪ್ಪು ಲೆಕ್ಕ ಕೊಡುತ್ತಿದ್ದರೂ ಸರಿ, ದಿನಾಂಕ ಸೇರಿಸಿದ ಹೆಸರಿನಲ್ಲಿ ಎರಡು ಕಡೆ ನಕಲು ಮಾಡಿಡಿ. ಒಂದು ಪ್ರತಿ ಪೆನ್ ಡ್ರೈವ್‌ಗೆ ಹೋಗಲಿ, ಆ ಪೆನ್ ಡ್ರೈವ್ ಕಂಪ್ಯೂಟರ್‌ನಿಂದ ಹೊರಗೆ ಇರಲಿ. ಡೇಟಾ ಫೋಲ್ಡರ್ ನಕಲು ಮಾಡುವಾಗ ಎಲ್ಲ ಕಂಪ್ಯೂಟರ್‌ಗಳಲ್ಲೂ ಪ್ರೋಗ್ರಾಂ ಮುಚ್ಚಿಸಿ. ತೆರೆದಿರುವ ಟೇಬಲ್‌ಗಳ (ಲೆಕ್ಕದ ಡೇಟಾ ಕೂತಿರುವ ಫೈಲ್‌ಗಳ) ನಕಲು ಅರ್ಧಂಬರ್ಧ ಬರಬಹುದು. ಹೊಸದಾಗಿ ಕಂಪೈಲ್ ಮಾಡಿದ್ದನ್ನು ನೇರವಾಗಿ ಅಂಗಡಿಯ ಫೋಲ್ಡರ್‌ಗೆ ಬರೆಯಬೇಡಿ. ನಿಜವಾದ ಲೆಕ್ಕದ ಮೇಲೆ ಪರೀಕ್ಷೆ ಬೇಡವೇ ಬೇಡ: ಕೆಲವು ಪ್ರೋಗ್ರಾಂಗಳು ತೆರೆದ ಕ್ಷಣದಲ್ಲೇ ಟೇಬಲ್‌ಗೆ ಹೊಸ ಕಾಲಂ ಸೇರಿಸುತ್ತವೆ, ಆಮೇಲೆ ಹಳೆಯ ಇಎಕ್ಸ್‌ಇ ಆ ಟೇಬಲ್ ಮುಂದೆ ತಡವರಿಸುತ್ತದೆ.

"ತಿದ್ದಿಸಿದೆವು, ಆದರೂ ಹಳೆಯದೇ ಬರುತ್ತಿದೆ"

2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ದರವನ್ನು ಟೇಬಲ್‌ನಲ್ಲಿ ಇಡುವ ಬದಲು ಕೋಡ್‌ನೊಳಗೇ ಬರೆದುಬಿಟ್ಟಿದ್ದ ಅಂಗಡಿಗಳಿಂದ ಆ ವಾರ ನನಗೆ ಬಂದ ದೂರು ಒಂದೇ: ತಿದ್ದಿ, ಕಂಪೈಲ್ ಮಾಡಿ, ಹಾಕಿ ಆಯಿತು, ಬಿಲ್‌ನಲ್ಲಿ ಮಾತ್ರ ಇನ್ನೂ 28.

ಮೊದಲು ನೋಡಬೇಕಾದದ್ದು, ಆ ದರ ನಿಜವಾಗಿ ಕೋಡ್‌ನಲ್ಲಿದೆಯೇ ಎಂದು. ಪ್ರೋಗ್ರಾಂನಲ್ಲಿ ಮಾಲುಗಳ ಹೆಸರು, ದರ ಇರುವ ಪಟ್ಟಿಯನ್ನು, ಅಂದರೆ ಐಟಂ ಮಾಸ್ಟರ್ ಅನ್ನು, ತೆರೆದು ನೋಡಿ. ಅಲ್ಲೇ 28 ಇದ್ದರೆ ಸೋರ್ಸ್‌ನ ಗೊಡವೆಯೇ ಬೇಡ, ಅಲ್ಲಿ ತಿದ್ದಿ ಮನೆಗೆ ಹೋಗಿ.

ಅಲ್ಲಿ ಸರಿಯಿದ್ದರೆ ಡೆಸ್ಕ್‌ಟಾಪ್‌ನ ಐಕಾನ್ ಮೇಲೆ ಬಲ ಗುಂಡಿ ಒತ್ತಿ ಓಪನ್ ಫೈಲ್ ಲೊಕೇಶನ್ ಆರಿಸಿ. ನೀವು ಹೊಸ ಇಎಕ್ಸ್‌ಇ ಹಾಕಿದ ಫೋಲ್ಡರ್ ಅದೇನಾ? ಐದು ರೂಪಾಯಿ ಖರ್ಚಿಲ್ಲದ ಈ ಪರೀಕ್ಷೆಯಲ್ಲೇ ಇಂಥ ದೂರುಗಳಲ್ಲಿ ಅರ್ಧಕ್ಕರ್ಧ ಮುಗಿದುಹೋಗುವುದನ್ನು ಕಂಡಿದ್ದೇನೆ. ಹೊಸದನ್ನು ಡಿ ಡ್ರೈವ್‌ಗೆ ಹಾಕಿರುತ್ತಾರೆ, ಐಕಾನ್ ಹೋಗುವುದು ಸಿ ಡ್ರೈವ್‌ನ ಹಳೆಯದಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಐಕಾನ್ ಒಂದು ಬ್ಯಾಚ್ ಫೈಲ್‌ಗೆ (ಆದೇಶಗಳನ್ನು ಸಾಲಾಗಿ ಓಡಿಸುವ ಫೈಲ್) ಹೋಗುತ್ತಿದ್ದರೆ, ಪ್ರೋಗ್ರಾಂ ತೆರೆದಿರುವಾಗಲೇ ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪಟ್ಟಿಯಲ್ಲಿ ಅದರ ಹೆಸರಿನ ಮೇಲೆ ಬಲ ಗುಂಡಿ ಒತ್ತಿ ಜಾಗ ನೋಡಿ. ಅದು ಸುಳ್ಳು ಹೇಳುವುದಿಲ್ಲ.

ಜಾಗವೂ ಸರಿ, ಒಳಗಿರುವುದು ಮಾತ್ರ ಹಳೆಯದು ಎಂದಾದರೆ ನಕಲು ಆಗಿಯೇ ಇಲ್ಲ ಎಂದರ್ಥ. ಓಡುತ್ತಿರುವ ಇಎಕ್ಸ್‌ಇಯ ಮೇಲೆ ಬರೆಯಲು ವಿಂಡೋಸ್ ಬಿಡುವುದಿಲ್ಲ. ಗೋದಾಮಿನ ಕಂಪ್ಯೂಟರ್ ಹಂಚಿದ ಫೋಲ್ಡರ್‌ನಿಂದ ಅದನ್ನೇ ತೆರೆದಿಟ್ಟುಕೊಂಡಿದ್ದರೆ ನಕಲು ವಿಫಲವಾಗುತ್ತದೆ. ಬ್ಯಾಚ್ ಫೈಲ್ ಮೂಲಕ ನಕಲು ಮಾಡಿದ್ದರಂತೂ ದೋಷದ ಸಂದೇಶ ಬಂದು ಕಪ್ಪು ಕಿಟಕಿ ಕಣ್ಣು ಮಿಟುಕಿಸುವುದರೊಳಗೆ ಮುಚ್ಚಿಕೊಂಡಿರುತ್ತದೆ. ಎಲ್ಲರಿಗೂ ಹೇಳಿ ಮುಚ್ಚಿಸಿ, ಮತ್ತೆ ನಕಲು ಮಾಡಿ. ಹೊಸ ಇಎಕ್ಸ್‌ಇ ಹಾಕಿದ ಮೇಲೆ ಪೂರ್ತಿ ಕಾಣೆಯಾಗುತ್ತಿದ್ದರೆ ಆ್ಯಂಟಿವೈರಸ್‌ನ ಕ್ವಾರಂಟೈನ್ ಪಟ್ಟಿ ನೋಡಿ. ಯಾರ ಸಹಿಯೂ ಇಲ್ಲದ, ಹುಟ್ಟಿ ಐದು ನಿಮಿಷವಾದ ಫೈಲ್ ಅದರ ಕಣ್ಣಿಗೆ ಕಳ್ಳನಂತೆ ಕಾಣುತ್ತದೆ.

"ಯಜಮಾನರ ಕಂಪ್ಯೂಟರ್‌ನಲ್ಲಿ ಸರಿ, ಗುಮಾಸ್ತರದರಲ್ಲಿ ತಪ್ಪು"

ಎರಡೂ ಕಡೆ ಇರುವುದು ಒಂದೇ ಇಎಕ್ಸ್‌ಇಯೇ? ಹೆಸರು, ಗಾತ್ರ ನೋಡಿ ಹೇಳಬೇಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಸರ್ಟ್‌ಯುಟಿಲ್ ಆದೇಶವನ್ನು ಹ್ಯಾಶ್‌ಫೈಲ್ ಆಯ್ಕೆಯೊಂದಿಗೆ ಕೊಟ್ಟು, ಫೈಲ್ ಹೆಸರು ಬರೆದು, ಕೊನೆಗೆ ಎಸ್‌ಎಚ್‌ಎ256 ಎಂದು ಸೇರಿಸಿ. ಇದು ವಿಂಡೋಸ್ ಜೊತೆಗೇ ಬರುತ್ತದೆ, ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಫೈಲಿನ ಬೆರಳಚ್ಚಿನಂಥ, 64 ಅಕ್ಷರಗಳ ಒಂದು ಸಾಲು ಬರುತ್ತದೆ. ಎರಡೂ ಕಡೆ ಸಾಲು ಒಂದೇ ಆದರೆ ಫೈಲ್ ಒಂದೇ. ಬೇರೆಯಾದರೆ ಫೈಲ್ ಬೇರೆ, ಮೇಲಿನ ಭಾಗಕ್ಕೆ ಮರಳಿ.

ಸಾಲು ಒಂದೇ ಇದ್ದೂ ಫಲ ಬೇರೆ ಬಂದರೆ ಕಂಪೈಲ್ ಮಾಡುವವನ ತಪ್ಪಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ದಿನಾಂಕದ ರೂಪ ನೋಡಿ: ಒಂದರಲ್ಲಿ ಭಾರತದ ಕ್ರಮ, ಇನ್ನೊಂದರಲ್ಲಿ ಅಮೆರಿಕದ ಕ್ರಮ ಇದ್ದರೆ ಏಪ್ರಿಲ್ 3 ಮಾರ್ಚ್ 4 ಆಗುತ್ತದೆ. ಆಮೇಲೆ ಪ್ರೋಗ್ರಾಂ ಫೈಲ್ಸ್ ಒಳಗಿರುವ ಹಳೆಯ ಪ್ರೋಗ್ರಾಂಗಳ ಒಂದು ಗುಟ್ಟು. ವಿಸ್ಟಾದಿಂದ ಈಚೆಗೆ ವಿಂಡೋಸ್ ಅಲ್ಲಿ ಬರೆಯಲು ಹೊರಟ ಹಳೆಯ ಪ್ರೋಗ್ರಾಂನ ಬರಹವನ್ನು ಸದ್ದಿಲ್ಲದೆ ಆ ಬಳಕೆದಾರನ ವರ್ಚುವಲ್‌ಸ್ಟೋರ್ ಎಂಬ ಫೋಲ್ಡರ್‌ಗೆ ತಿರುಗಿಸುತ್ತದೆ. ಗುಮಾಸ್ತರ ಪ್ರೋಗ್ರಾಂ ಓದುತ್ತಿರುವುದು ಎರಡು ವರ್ಷ ಹಿಂದಿನ ತನ್ನದೇ ಸೆಟ್ಟಿಂಗ್ ಫೈಲನ್ನು ಇರಬಹುದು. ಶುರುವಿನಲ್ಲೇ 429 ಸಂಖ್ಯೆಯ ದೋಷ ಬಂದರೆ, ಪ್ರೋಗ್ರಾಂ ನೆಚ್ಚಿಕೊಂಡಿರುವ ಯಾವುದೋ ಸಹಾಯಕ ಫೈಲ್ (ಡಿಎಲ್‌ಎಲ್ ಅಥವಾ ಓಸಿಎಕ್ಸ್) ಅಲ್ಲಿ ನೋಂದಣಿಯಾಗಿಲ್ಲ, ಇಲ್ಲವೇ ಬೇರೆ ಆವೃತ್ತಿಯದು ಇದೆ.

"ಒಂದು ತಪ್ಪು ಸರಿಪಡಿಸಿದರೆ ಆರು ವರ್ಷ ಹಳೆಯ ತಪ್ಪು ಎದ್ದು ಬಂತು"

ಇದೇ ನಿಜವಾದ ಕಾಯಿಲೆ. ಇದನ್ನು ಗುರುತಿಸಲು ನಾನು ಕಲಿತದ್ದು ಒಂದು ಕಾಫಿ ಖರೀದಿ ಅಂಗಡಿಯಲ್ಲಿ, ಅದೂ ತಪ್ಪು ಮಾಡಿಯೇ.

ರೊಬಸ್ಟಾ ಚೆರ್ರಿಯ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ವ್ಯಾಪಾರ ಗೊತ್ತಿಲ್ಲದವರಿಗೆ: 50 ಕಿಲೋ ಮೂಟೆಯಿಂದ ಎಷ್ಟು ಕಿಲೋ ಶುದ್ಧ ಬೀಜ ಬರುತ್ತದೆಯೋ ಅದೇ ಔಟರ್ನ್, ಮಾರುಕಟ್ಟೆಯವರ ಬಾಯಲ್ಲಿ ಓಟಿ. ಓಟಿಯನ್ನು ದರದಿಂದ ಗುಣಿಸಿದರೆ ಮೂಟೆಯ ಬೆಲೆ. ಲೆಕ್ಕಕ್ಕೆಂದು ಓಟಿಗೆ 400 ರೂಪಾಯಿ ಇಟ್ಟುಕೊಳ್ಳಿ, 26.5 ಓಟಿ ಬಂದ ಮೂಟೆಗೆ 10,600 ರೂಪಾಯಿ.

ಅವರಿಗೆ ಚೀಟಿಯಲ್ಲಿ ಲಾಟ್ ಸಂಖ್ಯೆಗೆ ಒಂದು ಕಾಲಂ ಬೇಕಿತ್ತು. ಸೋರ್ಸ್ ಫೋಲ್ಡರ್ ಕೊಟ್ಟರು, ಸೇರಿಸಿದೆ, ಕಂಪೈಲ್ ಮಾಡಿದೆ, ಚೀಟಿ ಚೆನ್ನಾಗಿ ಬಂತು, ಹಣ ತೆಗೆದುಕೊಂಡು ಬಂದೆ. ವಾರದ ಮೇಲೆ ಬೆಳೆಗಾರರೊಬ್ಬರು 40 ಮೂಟೆಯ ಚೀಟಿ ಹಿಡಿದು ಅಂಗಡಿಯಲ್ಲಿ ಕೂತಿದ್ದರು. ಮೂಟೆಗೆ 10,400 ಎಂದು ಲೆಕ್ಕ ಹಾಕಿತ್ತು, ಒಟ್ಟು 8,000 ರೂಪಾಯಿ ಕಡಿಮೆ. ಅದೇ ದಿನದ ಇನ್ನೊಂದು ಚೀಟಿಯಲ್ಲಿ 27.5 ಓಟಿಗೆ 28ರ ಬೆಲೆ ಬಿದ್ದಿತ್ತು. ಆ ಬೆಳೆಗಾರರು ಮಾತ್ರ ಅಂಗಡಿಯ ಕಡೆ ತಲೆ ಹಾಕಿರಲಿಲ್ಲ!

ಕಾರಣ ಸರಳ. ವಿಷುವಲ್ ಬೇಸಿಕ್‌ನಲ್ಲಿ ಇಂಟಿಜರ್ (ಪೂರ್ಣಾಂಕ) ಎಂದು ಘೋಷಿಸಿದ ಜಾಗಕ್ಕೆ ಅರ್ಧ ಇರುವ ಸಂಖ್ಯೆ ಹಾಕಿದರೆ ಅದು ಹತ್ತಿರದ ಸಮಸಂಖ್ಯೆಗೆ ಸರಿಯುತ್ತದೆ: 26.5 ಹೋಗಿ 26 ಆಗುತ್ತದೆ, 27.5 ಹೋಗಿ 28 ಆಗುತ್ತದೆ. ಹಿಂದೆ ಯಾರೋ ಇದನ್ನು ಕಂಡುಹಿಡಿದು ಇಂಟಿಜರ್ ಅನ್ನು ದಶಮಾಂಶ ಹಿಡಿಯುವ ಡಬಲ್ ಮಾಡಿದ್ದರು. ಆದರೆ ಕುಯ್ಲಿನ ಗಡಿಬಿಡಿಯಲ್ಲಿ ಯಾವುದೋ ಲ್ಯಾಪ್‌ಟಾಪ್‌ನಲ್ಲಿ ತಿದ್ದಿ, ಇಎಕ್ಸ್‌ಇಯನ್ನು ಮಾತ್ರ ಅಂಗಡಿಗೆ ಕೊಟ್ಟಿದ್ದರು. ಸೋರ್ಸ್ ಫೋಲ್ಡರ್‌ಗೆ ಆ ತಿದ್ದುಪಡಿ ಬರಲೇ ಇಲ್ಲ. ನನ್ನ ಕೈಗೆ ಬಂದದ್ದು ಅದಕ್ಕೂ ಹಿಂದಿನ ಸೋರ್ಸ್.

ನಾನು ಅವತ್ತು ಮಾಡದೆ ಬಿಟ್ಟ, ಈಗ ಪ್ರತಿ ಸಲವೂ ಮಾಡುವ ಪರೀಕ್ಷೆಗಳು ಇವು.

ದಿನಾಂಕದಿಂದ ಶುರು. ಇಎಕ್ಸ್‌ಇಯ ಮಾಡಿಫೈಡ್ ದಿನಾಂಕಕ್ಕಿಂತ ಸೋರ್ಸ್ ಫೈಲ್‌ಗಳ ದಿನಾಂಕ ತಿಂಗಳುಗಟ್ಟಲೆ ಹಿಂದಿನದಾಗಿದ್ದರೆ ಅನುಮಾನ ಹುಟ್ಟಬೇಕು. ಸೋರ್ಸ್ ದಿನಾಂಕವೇ ಮುಂದಿದ್ದರೆ ತಿದ್ದಿ ಕಂಪೈಲ್ ಮಾಡದೆ ಬಿಟ್ಟಿದ್ದಾರೆ ಎಂದು. ಕ್ರಿಯೇಟೆಡ್ ದಿನಾಂಕ ನೋಡಬೇಡಿ, ನಕಲು ಮಾಡಿದಾಗಲೆಲ್ಲ ಅದು ಹೊಸದಾಗುತ್ತದೆ. ಸೋರ್ಸ್‌ನ ತಿದ್ದುಪಡಿಗಳ ದಾಖಲೆ ಇಡುವ ಗಿಟ್ ಎಂಬ ಸಲಕರಣೆಯಿಂದ ಹೊರತೆಗೆದ ಫೈಲ್‌ಗಳಿಗೆ ತೆಗೆದ ಹೊತ್ತಿನ ದಿನಾಂಕವೇ ಬೀಳುವುದರಿಂದ ಅಲ್ಲಿ ಈ ಪರೀಕ್ಷೆ ಕೆಲಸಕ್ಕೆ ಬಾರದು. ದಿನಾಂಕ ಒಂದು ಸುಳಿವು ಅಷ್ಟೇ, ಸಾಕ್ಷಿಯಲ್ಲ.

ಎರಡನೆಯದು ಅಕ್ಷರಗಳ ಹುಡುಕಾಟ. ಪ್ರೋಗ್ರಾಂ ತೋರಿಸುವ ಸಂದೇಶಗಳು ಇಎಕ್ಸ್‌ಇಯ ಹೊಟ್ಟೆಯಲ್ಲಿ ಹಾಗೆಯೇ ಇರುತ್ತವೆ. ಮೈಕ್ರೋಸಾಫ್ಟ್ ಪುಕ್ಕಟೆ ಕೊಡುವ ಸ್ಟ್ರಿಂಗ್ಸ್ ಎಂಬ ಸಲಕರಣೆ ಅವನ್ನೆಲ್ಲ ಹೊರಗೆ ತೆಗೆಯುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ಹುಡುಕಿದರೆ ವಿಷುವಲ್ ಬೇಸಿಕ್‌ನವು ಸಿಗದೆ ಹೋಗಬಹುದು, ಏಕೆಂದರೆ ಅಲ್ಲಿ ಒಂದೊಂದು ಅಕ್ಷರಕ್ಕೂ ಎರಡು ಬೈಟ್. ಕಾಫಿ ಅಂಗಡಿಯ ಹಳೆಯ ಇಎಕ್ಸ್‌ಇಯಲ್ಲಿ ಓಟಿ ತೀರ ಕಡಿಮೆಯಾದರೆ ಎಚ್ಚರಿಸುವ ಒಂದು ಸಂದೇಶ ಇತ್ತು. ನನಗೆ ಕೊಟ್ಟ ಸೋರ್ಸ್‌ನಲ್ಲಿ ಎಲ್ಲಿ ಹುಡುಕಿದರೂ ಅದು ಇರಲಿಲ್ಲ. ಅಷ್ಟು ಸಿಕ್ಕಿದರೆ ಸಾಕು, ಸೋರ್ಸ್ ಹಳೆಯದೆಂದು ತೀರ್ಮಾನ.

ಮೂರನೆಯದು ತುಸು ತಾಳ್ಮೆಯ ಕೆಲಸ. ಸೋರ್ಸ್ ಅನ್ನು *ಏನೂ ತಿದ್ದದೆ* ಬೇರೆ ಫೋಲ್ಡರ್‌ನಲ್ಲಿ ಎರಡು ಸಲ ಕಂಪೈಲ್ ಮಾಡಿ. ಆವೃತ್ತಿ ಸಂಖ್ಯೆ ತಾನಾಗಿ ಏರುವ ಆಯ್ಕೆ ಇದ್ದರೆ ಅದನ್ನು ಮೊದಲು ತೆಗೆಯಿರಿ. ಎರಡನ್ನೂ ಎಫ್‌ಸಿ ಆದೇಶದ ಬೈನರಿ ಆಯ್ಕೆಯಿಂದ ಹೋಲಿಸಿ. ಒಂದೇ ಸೋರ್ಸ್‌ನಿಂದ ಬಂದರೂ ಅವು ಪೂರ್ತಿ ಒಂದೇ ಆಗಿರುವುದಿಲ್ಲ, ಏಕೆಂದರೆ ವಿಂಡೋಸ್ ಇಎಕ್ಸ್‌ಇಯ ತಲೆಯಲ್ಲಿ ಕಂಪೈಲ್ ಆದ ಸಮಯ ಕೂತಿರುತ್ತದೆ. ಆ ಕೆಲವೇ ಬೈಟ್‌ಗಳ ವ್ಯತ್ಯಾಸ ಎಷ್ಟೆಂದು ಗುರುತು ಹಾಕಿಕೊಳ್ಳಿ. ಈಗ ಇವುಗಳಲ್ಲಿ ಒಂದನ್ನು ಅಂಗಡಿಯ ಇಎಕ್ಸ್‌ಇಯೊಂದಿಗೆ ಹೋಲಿಸಿ. ವ್ಯತ್ಯಾಸ ಅಷ್ಟೇ ಬಂದರೆ ಸೋರ್ಸ್ ಇದರದೇ, ಧೈರ್ಯವಾಗಿ ಕೈ ಹಾಕಿ. ಪುಟಗಟ್ಟಲೆ ಬಂದರೆ ಎರಡು ಅರ್ಥ: ಸೋರ್ಸ್ ಬೇರೆ, ಇಲ್ಲವೇ ಕಂಪೈಲರ್‌ನ ಸರ್ವಿಸ್ ಪ್ಯಾಕ್ ಅಥವಾ ಆಯ್ಕೆಗಳು ಬೇರೆ. ಹೊಂದಿದರೆ ಖಚಿತ, ಹೊಂದದಿದ್ದರೆ ಇನ್ನೂ ಅನುಮಾನ ಅಷ್ಟೇ.

ಆಗ ಹಳೆಯ ಚೀಟಿಗಳ ಪರೀಕ್ಷೆ. ಫೈಲಿನಿಂದ 30 ಚೀಟಿ ತೆಗೆಯಿರಿ. ದುಂಡಗಿನ ಸಂಖ್ಯೆಯವು ಬೇಡ. ಅರ್ಧ, ಕಾಲು ಬಂದವು, ವಾಪಸಾದ ಮಾಲು, ಮುಂಗಡ ಕಳೆದವು, ಮಾರ್ಚ್ 31ರವು ಬೇಕು. ನಕಲು ಡೇಟಾದ ಮೇಲೆ ಹೊಸ ಇಎಕ್ಸ್‌ಇಯಲ್ಲಿ ಅವನ್ನು ಮತ್ತೆ ಹಾಕಿ, ಪೈಸೆ ಪೈಸೆ ಹೋಲಿಸಿ. ಕಾಫಿ ಅಂಗಡಿಯಲ್ಲಿ ಹಳೆಯ ಇಎಕ್ಸ್‌ಇಯನ್ನು ಮರಳಿ ಹಾಕಿ ವ್ಯಾಪಾರ ನಡೆಸಿಕೊಂಡು, ಹೀಗೆಯೇ ಎರಡು ಸಂಜೆ ಕೂತು ಕಳೆದುಹೋದ ತಿದ್ದುಪಡಿಗಳನ್ನು ಒಂದೊಂದಾಗಿ ಹಿಡಿದೆವು. ಗುಮಾಸ್ತರು ಚೀಟಿ ಓದುತ್ತಿದ್ದರು, ನಾನು ಒತ್ತುತ್ತಿದ್ದೆ. ಹಳೆಯ ಇಎಕ್ಸ್‌ಇ ಉಳಿದಿದ್ದದ್ದು ನನ್ನ ಜಾಣತನದಿಂದಲ್ಲ, ಗುಮಾಸ್ತರು ಯಾವುದನ್ನೂ ಅಳಿಸದ ಮನುಷ್ಯರಾದದ್ದರಿಂದ.

"ಸೋರ್ಸ್‌ನಲ್ಲಿ ಏನೇ ಬರೆದರೂ ಪರಿಣಾಮವಿಲ್ಲ"

ಸಂದೇಶವೊಂದರಲ್ಲಿ ಬೇಕೆಂದೇ ಒಂದು ಅಕ್ಷರ ಬದಲಿಸಿ ಕಂಪೈಲ್ ಮಾಡಿ. ಬದಲಾವಣೆ ಪರದೆಯ ಮೇಲೆ ಬರದಿದ್ದರೆ ನೀವು ತಿದ್ದುತ್ತಿರುವ ಫೈಲ್ ಕಂಪೈಲರ್ ಓದುವ ಫೈಲ್ ಅಲ್ಲ, ಅಥವಾ ಕಂಪೈಲರ್ ಅದನ್ನು ಓದುವ ಗೋಜಿಗೇ ಹೋಗುತ್ತಿಲ್ಲ. ಪ್ರಾಜೆಕ್ಟ್ ಫೈಲ್ ಯಾವ ಫೋಲ್ಡರ್ ತೋರಿಸುತ್ತಿದೆ ಎಂದು ನೋಡಿ. ಫಾಕ್ಸ್‌ಪ್ರೊದಲ್ಲಿ ಬಿಲ್ಡ್ ಮಾಡುವಾಗ ಎಲ್ಲ ಫೈಲ್‌ಗಳನ್ನೂ ಮತ್ತೆ ಕಂಪೈಲ್ ಮಾಡುವ ಆಯ್ಕೆಗೆ ಗುರುತು ಹಾಕಿ. ಅಲ್ಲೇ ಇನ್ನೊಂದು ಮಾತು: ಫಾರಂನ ಎಸ್‌ಸಿಎಕ್ಸ್ ಫೈಲ್‌ಗೆ ಎಸ್‌ಸಿಟಿ ಎಂಬ ಜೋಡಿ ಇದೆ, ಫಾರಂನೊಳಗಿನ ಕೋಡ್ ಇರುವುದು ಆ ಜೋಡಿಯಲ್ಲಿ. ಪೆನ್ ಡ್ರೈವ್‌ಗೆ ಒಂದನ್ನೇ ತಂದವರು ತಂದದ್ದು ಬರೀ ಚೀಲ.

ಇಷ್ಟಾದರೂ ಇಲ್ಲವೆಂದರೆ ಕಂಪ್ಯೂಟರ್‌ನ ಗಡಿಯಾರ ನೋಡಿ. ಯಾವ ಫೈಲ್ ಬದಲಾಗಿದೆ ಎಂದು ದಿನಾಂಕ ಹೋಲಿಸಿ ತಿಳಿಯುವ ಮೇಕ್‌ನಂಥ ಸಲಕರಣೆಗಳು, ಗಡಿಯಾರ ಹಿಂದೆ ಹೋದರೆ ನಿಮ್ಮ ಇವತ್ತಿನ ತಿದ್ದುಪಡಿಯನ್ನು ಹಳೆಯದೆಂದು ಬಗೆದು ಬಿಟ್ಟುಬಿಡುತ್ತವೆ. ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಕರೆಂಟು ದಿನಗಟ್ಟಲೆ ಹೋದಾಗ ಗಡಿಯಾರವನ್ನು ಕಾಯುವುದು ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ, ಸಿಆರ್2032. ಹೊಸದು 3 ವೋಲ್ಟ್. ಬದಲಿಸುವ ಮುಂಚೆ ಬಯೋಸ್‌ನ (ಕಂಪ್ಯೂಟರನ್ನು ಶುರು ಮಾಡುವ ಮೂಲ ಪ್ರೋಗ್ರಾಂನ) ಸೆಟ್ಟಿಂಗ್‌ಗಳ ಫೋಟೊ ತೆಗೆದಿಟ್ಟುಕೊಂಡು, ಆಮೇಲೆ ಪ್ಲಗ್ ಕೀಳಿ. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇದ್ದರೆ ಅದರ ರಿಕವರಿ ಕೀ ಕೈಯಲ್ಲಿಲ್ಲದೆ ಮುಟ್ಟಬೇಡಿ. ಹಳೆಯ ಬ್ಯಾಟರಿ ಅಂಗಡಿಯ ಮೇಜಿನ ಮೇಲೆ ಬಿದ್ದಿರಬಾರದು, ಮಕ್ಕಳು ನುಂಗಿದರೆ ಜೀವಕ್ಕೇ ಅಪಾಯ.

"ಸೋರ್ಸೇ ಇಲ್ಲ"

ಹುಡುಕಬೇಕಾದ ಜಾಗಗಳು: ಬರೆದವರ ಹಳೆಯ ಇ-ಮೇಲ್, ಹಳೆಯ ಕಂಪ್ಯೂಟರ್‌ನಿಂದ ಬಿಚ್ಚಿಟ್ಟ ಹಾರ್ಡ್ ಡಿಸ್ಕ್, ಡ್ರಾಯರ್ ತಳದ ಸಿ.ಡಿ. ಸಿಕ್ಕಿದ್ದಕ್ಕೆಲ್ಲ ಮೇಲಿನ ಪರೀಕ್ಷೆಗಳನ್ನು ಮಾಡಿ.

ಸಿಗದಿದ್ದರೆ ಇಎಕ್ಸ್‌ಇಯಿಂದ ಸೋರ್ಸ್ ಹೊರತೆಗೆಯುವ ದಾರಿ ಇದೆ. ಬೀಗ ಹಾಕದ ಫಾಕ್ಸ್‌ಪ್ರೊ, ಜಾವಾ, ಡಾಟ್‌ನೆಟ್ ಪ್ರೋಗ್ರಾಂಗಳಲ್ಲಿ ಬಹಳಷ್ಟು ಮರಳುತ್ತದೆ, ಟಿಪ್ಪಣಿಗಳು ಮಾತ್ರ ಹೋಗಿರುತ್ತವೆ. ವಿಷುವಲ್ ಬೇಸಿಕ್ 6ರಲ್ಲಿ ನೇಟಿವ್ ಕೋಡ್ (ನೇರ ಯಂತ್ರಭಾಷೆ) ಆಗಿ ಕಂಪೈಲ್ ಆಗಿದ್ದರೆ ಫಾರಂಗಳು ಸಿಕ್ಕಾವು, ಲೆಕ್ಕದ ಸಾಲುಗಳು ಓದುವ ಸ್ಥಿತಿಯಲ್ಲಿ ಸಿಗುವುದಿಲ್ಲ. ಇದಕ್ಕೆಂದು ಕಂಡ ಕಂಡ ಕಡೆಯಿಂದ ಪುಕ್ಕಟೆ ಸಲಕರಣೆ ಇಳಿಸಿ ಅಂಗಡಿಯ ಕಂಪ್ಯೂಟರ್‌ನಲ್ಲಿ ಓಡಿಸಬೇಡಿ. ಕಾನೂನನ್ನೂ ನೋಡಿ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಸಾಲಿಗೆ ಸೇರುತ್ತದೆ. ಸಂಬಳದ ನೌಕರ ಬರೆದದ್ದು ಬೇರೆ ಒಪ್ಪಂದವಿಲ್ಲದಿದ್ದರೆ ಮಾಲೀಕನದು. ಹೊರಗಿನವರಿಂದ ಬರೆಸಿಕೊಂಡಿದ್ದರೆ, ಹಕ್ಕನ್ನು ಬರಹದಲ್ಲಿ ಸಹಿ ಹಾಕಿ ಕೊಡದ ಹೊರತು ಅದು ಬರೆದವರದೇ. ಹಣ ಕೊಟ್ಟ ರಸೀದಿ ಆ ಬರಹವಲ್ಲ. ಮೊದಲು ಅವರಿಗೊಂದು ಫೋನ್ ಮಾಡಿ.

ಎಲ್ಲಿ ನಿಲ್ಲಿಸಬೇಕು

ತಪ್ಪು ಲೆಕ್ಕದ ಬಿಲ್‌ಗಳು ಈಗಾಗಲೇ ಜಿಎಸ್‌ಟಿ ರಿಟರ್ನ್‌ನಲ್ಲಿ ಹೋಗಿದ್ದರೆ ನಿಮ್ಮ ಕೆಲಸ ಅಲ್ಲಿಗೆ ನಿಲ್ಲಲಿ, ಲೆಕ್ಕಪರಿಶೋಧಕರನ್ನು ಕರೆಯಿರಿ. ಹಳೆಯ ಬಿಲ್‌ಗಳನ್ನು ಡೇಟಾದಲ್ಲಿ ತಿದ್ದಿ "ಸರಿ" ಮಾಡುವುದು ದೋಷ ನಿವಾರಣೆಯಲ್ಲ, ಹೊಸ ದೋಷ. ಇಂಡೆಕ್ಸ್ ಕೆಟ್ಟಿದೆ, ಟೇಬಲ್ ತೆರೆಯುತ್ತಿಲ್ಲ ಎಂಬ ಸಂದೇಶ ಬಂದರೂ ನಿಲ್ಲಿಸಿ. ಅದು ಸೋರ್ಸ್‌ನ ಜಗಳವಲ್ಲ, ಡೇಟಾ ಉಳಿಸುವ ಕೆಲಸ. ಹೊಸ ಪ್ರೋಗ್ರಾಂ ಬಂತೆಂದು ಹಳೆಯ ಇಎಕ್ಸ್‌ಇಯನ್ನು ಅಳಿಸಬೇಡಿ. ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಟ್ಟಿರಬೇಕು, ಆ ಲೆಕ್ಕ ತೆರೆಯಲು ಅದೇ ಇಎಕ್ಸ್‌ಇ ಬೇಕಾಗಬಹುದು.

ಮತ್ತೆ ಬಾರದಂತೆ

ಪ್ರತಿ ಕಂಪೈಲ್‌ಗೂ ಒಂದು ಕ್ರಮಸಂಖ್ಯೆ ಕೊಡಿ. ಆ ಸಂಖ್ಯೆ ಪರದೆಯ ಮೂಲೆಯಲ್ಲಿ ಕಾಣಲಿ, ಚೀಟಿಯ ತಳದಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಲಿ. ಕಂಪೈಲ್ ಮಾಡಿದ ಕೂಡಲೇ, ಟೀ ಕುಡಿಯಲು ಏಳುವ ಮುಂಚೆ, ಸೋರ್ಸ್ ಫೋಲ್ಡರ್ ಪೂರ್ತಿಯಾಗಿ ಅದೇ ಸಂಖ್ಯೆಯ ಹೆಸರಿನಲ್ಲಿ ಇಎಕ್ಸ್‌ಇ ಜೊತೆ ಜಿಪ್ ಆಗಲಿ. ಗಿಟ್ ಬಲ್ಲವರು ಅದೇ ಸಂಖ್ಯೆಯ ಟ್ಯಾಗ್ ಹಾಕಿ, ಕಮಿಟ್ ಆಗದ ತಿದ್ದುಪಡಿ ಇದ್ದರೆ ಕಂಪೈಲ್ ಮಾಡದಂತೆ ತಡೆ ಇಡಿ. ಗಿಟ್ ಬಾರದವರಿಗೆ 20 ರೂಪಾಯಿಯ ನೋಟ್‌ಬುಕ್ ಸಾಕು: ಸಂಖ್ಯೆ, ದಿನಾಂಕ, ಏನು ತಿದ್ದಿದ್ದು, ಯಾವ ಕಂಪ್ಯೂಟರ್‌ನಲ್ಲಿ.

ಮೊನ್ನೆ ಅದೇ ಕಾಫಿ ಅಂಗಡಿಯಿಂದ ಫೋನ್ ಬಂತು, ಎರಡು ಚೀಟಿಗಳಲ್ಲಿ ಚೀಲದ ತೂಕ ಕಳೆಯುವ ಲೆಕ್ಕ ಬೇರೆ ಬೇರೆ ಬರುತ್ತಿದೆ ಎಂದು. ತಳದ ಸಂಖ್ಯೆ ಓದಿ ಎಂದೆ. ಒಂದರಲ್ಲಿ 44, ಇನ್ನೊಂದರಲ್ಲಿ 43. ಗೋದಾಮಿನ ಕಂಪ್ಯೂಟರ್ ರಾತ್ರಿ ಮುಚ್ಚಿದ್ದಿರಾ ಎಂದು ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ.